ಗುಜರಿಯಿಂದ ಬಂದ ಸ್ಕೇಲು

ಮೊದಲು ಹಾಳು ಮಾಡಿದ್ದರ ಲೆಕ್ಕ ಕೊಟ್ಟುಬಿಡುತ್ತೇನೆ. ದಾವಣಗೆರೆಯಲ್ಲಿ ಲೇತ್ ಹಾಕಿದ ಹೊಸತು. ತುಕ್ಕು ಹಿಡಿದ ಒಂದಡಿ ಸ್ಟೀಲ್ ಸ್ಕೇಲನ್ನು ಬಚ್ಚಲು ತೊಳೆಯುವ ಆಸಿಡ್‌ನಲ್ಲಿ ಮುಳುಗಿಸಿ, ಬೀರುವಿನ ಕೆಳಗಿನ ಖಾನೆಯಲ್ಲಿಟ್ಟು, ರಾತ್ರಿ ಶೆಟರ್ ಎಳೆದು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ತುಕ್ಕು ಹೋಗಿತ್ತು, ತುಕ್ಕಿನ ಜೊತೆ ಗೆರೆಗಳೂ ಹೋಗಿದ್ದವು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮೇಲಿನ ಖಾನೆಯಲ್ಲಿದ್ದ ಡ್ರಿಲ್ ಬಿಟ್‌ಗಳು, ಆಗಷ್ಟೇ ಕೊಂಡಿದ್ದ ಮೂಲೆಮಟ್ಟ, ಎಲ್ಲದರ ಮೇಲೂ ಅರಿಶಿನ ಹಚ್ಚಿದಂತೆ ತುಕ್ಕು ಕೂತಿತ್ತು. ಆ ಆಸಿಡ್ ತಾಗಲೇಬೇಕೆಂದಿಲ್ಲ, ಅದರ ಆವಿಯೇ ಸಾಕು. ಅವತ್ತಿನಿಂದ ಅದು ಅಂಗಡಿಯೊಳಗೆ ಕಾಲಿಟ್ಟಿಲ್ಲ.

ಹೋದ ಮಳೆಗಾಲದಲ್ಲಿ ಗುಜರಿ ಅಂಗಡಿಯಲ್ಲಿ ಪುಲ್ಲಿ ಹುಡುಕುತ್ತಿದ್ದಾಗ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ಹನ್ನೆರಡು ಇಂಚಿನ ಸ್ಕೇಲು, ದವಡೆ ಜಾರಿಸಿ ಅಳೆಯುವ, ಆದರೆ ಅಲುಗಾಡದ ಒಂದು ವರ್ನಿಯರ್, ಸ್ಕ್ರೂ ತಿರುಗಿಸಿ ಇನ್ನೂ ಸೂಕ್ಷ್ಮವಾಗಿ ಅಳೆಯುವ ಒಂದು ಮೈಕ್ರೋಮೀಟರ್. 'ಇದನ್ನ ತಗೊಂಡು ಏನ್ ಮಾಡ್ತೀರಾ ಅಣ್ಣಾ' ಅಂತ ಅಂಗಡಿಯವನು ಕಬ್ಬಿಣದ ತೂಕಕ್ಕೇ ಹಾಕಿಕೊಟ್ಟ. ಸ್ಕೇಲಿನ ಎರಡೂ ಮಗ್ಗುಲಿಗೆ ಇಂಚೇ, ಒಂದು ಕಡೆ ಇಂಚಿನ 64ನೇ ಒಂದು ಭಾಗದವರೆಗೂ ಗೆರೆ. 'ಇದ್ರಾಗೆ ಎಂಎಂ ಇಲ್ವಲ್ಲಣ್ಣ' ಅಂದ ನಮ್ಮ ಹುಡುಗ. ಮೆಟ್ರಿಕ್ ಕಾಯ್ದೆ ಬಂದದ್ದೇ 1956ರಲ್ಲಿ, ಇದು ಅದಕ್ಕೂ ಹಿಂದಿನದಿರಬಹುದು ಅಂದೆ. ಯಾವುದೋ ಮಿಲ್ಲಿನ ಫಿಟ್ಟರ್ ಬಳಸಿದ್ದು ಅಂತ ನನ್ನ ಊಹೆ. ಹತ್ತಿ ಮಿಲ್ಲುಗಳ ಊರು ನಮ್ಮದು, ಇಂಥವು ಇನ್ನೂ ಎಷ್ಟು ಗುಜರಿಯಲ್ಲಿ ಬಿದ್ದಿವೆಯೋ.

ಈ ಸಲ ಅವಸರ ಮಾಡಲಿಲ್ಲ. ಮೊದಲು ಸೀಮೆಎಣ್ಣೆ ಹಾಕಿ ಒರೆಸಿ, ಆಮೇಲೆ ಸೋಪಿನ ಪುಡಿಯಲ್ಲಿ ಉಜ್ಜಿ ಜಿಡ್ಡು ತೆಗೆದೆ. ಜಿಡ್ಡಿದ್ದ ಜಾಗಕ್ಕೆ ಮುಂದಿನ ಯಾವ ಔಷಧಿಯೂ ಹಿಡಿಯುವುದಿಲ್ಲ. ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) 50 ಗ್ರಾಂ, ಒಂದು ಲೀಟರ್ ನೀರು. ಸ್ಕೇಲು ಉದ್ದಕ್ಕೆ ಮಲಗುವಂಥ ಪಾತ್ರೆ ಸಿಗದೆ ಪಿವಿಸಿ ಪೈಪಿನ ತುಂಡಿಗೆ ಒಂದು ಬದಿ ಮುಚ್ಚಳ ಹಾಕಿ ಅದರಲ್ಲಿ ನಿಲ್ಲಿಸಿದೆ. ಹತ್ತು ನಿಮಿಷಕ್ಕೊಮ್ಮೆ ಹೊರಗೆಳೆದು ಹಳೇ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜುವುದು, ಕಪ್ಪು ಮಸಿಯಂತೆ ಎದ್ದು ಬರುತ್ತದೆ, ಮತ್ತೆ ಇಳಿಸುವುದು. ಮುಕ್ಕಾಲು ಗಂಟೆಯಲ್ಲಿ 64ರ ಗೆರೆಗಳು ಕಣ್ಣಿಗೆ ಬಿದ್ದವು. ಅಲ್ಲಿಗೆ ನಿಲ್ಲಿಸಿದೆ. ಅಲ್ಲಲ್ಲಿ ಕಪ್ಪು ಚುಕ್ಕೆ ಉಳಿದಿದ್ದವು, ಉಳಿಯಲಿ. ಸ್ಕೇಲಿನಲ್ಲಿ ಉಳಿಸಬೇಕಾದ್ದು ಗೆರೆ ಮತ್ತು ಅಂಚು. ಹೊಳಪು ಬೇಕಾದವರು ಸ್ಟೀಲ್ ಲೋಟ ಇಟ್ಟುಕೊಳ್ಳಲಿ. ಜಾಸ್ತಿ ಹೊತ್ತು ಹುಳಿಯಲ್ಲಿ ನೆನೆದರೆ ಗಟ್ಟಿ ಸ್ಟೀಲು ಪೆಡಸಾಗಿ ಬಾಗಿಸಿದಾಗ ಪಟ್ಟನೆ ಮುರಿಯುವ ಭಯವೂ ಇದೆ.

ತೆಗೆದ ಕೂಡಲೇ ಅಡುಗೆ ಸೋಡಾ ನೀರಿನಲ್ಲಿ ಅದ್ದಿ, ತೊಳೆದು, ಒರೆಸಿ, ಬಿಸಿಲಿಗೆ ಕಾದ ತಗಡಿನ ಮೇಲಿಟ್ಟೆ. ಇಲ್ಲಿ ಎರಡು ನಿಮಿಷ ಫೋನ್ ಮಾತಾಡುತ್ತಾ ನಿಂತರೂ ಕೆಂಪು ತುಕ್ಕು ಮತ್ತೆ ಹಾಜರ್. ಆಮೇಲೆ 600 ನಂಬರ್ ವಾಟರ್ ಪೇಪರನ್ನು (ನುಣುಪು ಮರಳು ಕಾಗದ) ಚಪ್ಪಟೆ ಮರದ ತುಂಡಿಗೆ ಸುತ್ತಿ, ಎಣ್ಣೆ ಬಿಟ್ಟು, ಉದ್ದಕ್ಕೆ ಮಾತ್ರ ನಾಲ್ಕಾರು ಸಲ ಎಳೆದೆ. ಪೇಪರನ್ನು ಬೆರಳಿನಿಂದ ಒತ್ತಿದರೆ ಅಂಚು ಗುಂಡಗಾಗುತ್ತದೆ. ಗ್ರೈಂಡರ್‌ಗೆ ವೈರ್ ಬ್ರಶ್ ಹಾಕಿ ಹಿಡಿಯುವವರಿಗೆ ಏನು ಹೇಳೋದು. ಈಗ ಬರುವ ಮಬ್ಬು ಬೆಳ್ಳಿ ಬಣ್ಣದ ಸ್ಕೇಲುಗಳಿಗೆ ಕ್ರೋಮ್ ಲೇಪ ಇರುತ್ತದೆ, ಅವಕ್ಕೆ ಪೇಪರೇ ಬೇಡ. ಕೊನೆಗೆ ಕಪ್ಪು ಎನಾಮೆಲ್ ಪೇಂಟನ್ನು ಗೆರೆಗಳ ಮೇಲೆ ಹಳೇ ಲಗ್ನಪತ್ರಿಕೆಯ ತುಂಡಿನಿಂದ ಎಳೆದು, ಅಂಟಂಟಾಗುವವರೆಗೆ ಬಿಟ್ಟು, ಥಿನ್ನರ್ ತೇವದ ಕಾಗದದಿಂದ ಓರೆಯಾಗಿ ಒರೆಸಿದೆ. ಬಟ್ಟೆಯಾದರೆ ಗೆರೆಯೊಳಗಿನ ಬಣ್ಣವನ್ನೂ ಎತ್ತಿಬಿಡುತ್ತದೆ.

ವರ್ನಿಯರ್ ಅಲುಗಾಡದಿದ್ದಕ್ಕೆ ಕಾರಣ ತುಕ್ಕಲ್ಲ, ಯಾರೋ ಹಾಕಿದ್ದ ಅಡುಗೆ ಎಣ್ಣೆ. ಒಣಗಿ ಬೆಲ್ಲದ ಪಾಕದಂತಾಗಿತ್ತು. ಕೊಬ್ಬರಿ ಎಣ್ಣೆ ಹಾಕುವವರೂ ಇದ್ದಾರೆ, ನಾನೂ ಹಾಕಿದ್ದೆ. ಡಿಸೆಂಬರ್ ಬೆಳಿಗ್ಗೆ ತಲೆಗೆ ಹಚ್ಚುವ ಬಾಟಲಿಯಲ್ಲಿ ಗಟ್ಟಿಯಾಗುವ ಹಾಗೆ ಅಲ್ಲೂ ಗಟ್ಟಿಯಾಗಿ ಕೂರುತ್ತದೆ. ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಸಾಕು. ಬಿಚ್ಚುವಾಗ ತಟ್ಟೆಯೊಳಗೆ ಬಿಚ್ಚಿ. ಜಾರುವ ಭಾಗದೊಳಗಿನ ಸಣ್ಣ ಸ್ಪ್ರಿಂಗ್ ಪಟ್ಟಿ ಕೈತಪ್ಪಿ ಲೇತಿನ ಸಿಪ್ಪೆಯಲ್ಲಿ ಬಿದ್ದು, ನಾನೂ ಹುಡುಗನೂ ಮಧ್ಯಾಹ್ನವೆಲ್ಲ ಮ್ಯಾಗ್ನೆಟ್ ಹಿಡಿದು ಹುಡುಕಿದೆವು.

ವರ್ನಿಯರ್ ಸರಿಯಿದೆಯೋ ಇಲ್ಲವೋ ನೋಡಲು ಮೊದಲು ದವಡೆ ಮುಚ್ಚಿ, ಸಂದಿನಲ್ಲಿ ಬೆಳಕು ಕಾಣುತ್ತದೆಯೇ ಅಂತ ಬೆಳಕಿಗೆ ಹಿಡಿಯುತ್ತೇನೆ. ಆಮೇಲೆ ಹೊಸ 6204 ಬೇರಿಂಗ್. ಹೊರಗೆ 47, ಒಳಗೆ 20, ದಪ್ಪ 14 ಎಂಎಂ. ಹೊರಗಿನ ಮತ್ತು ಒಳಗಿನ ಅಳತೆಯಲ್ಲಿ ಕಂಪನಿ ಬಿಡುವ ವ್ಯತ್ಯಾಸ 0.01 ಎಂಎಂ ಆಸುಪಾಸು, 0.02 ಓದುವ ವರ್ನಿಯರಿಗೆ ಅದು ಕಾಣುವುದೇ ಇಲ್ಲ. ಒಂದೇ ಬೇರಿಂಗಿನಲ್ಲಿ ಹೊರ ದವಡೆ, ಒಳ ದವಡೆ ಎರಡರ ಪರೀಕ್ಷೆಯೂ ಆಗುತ್ತದೆ.

ಮೈಕ್ರೋಮೀಟರ್ ಸೊನ್ನೆಗೆ ಬರುತ್ತಿರಲಿಲ್ಲ. ಸೊನ್ನೆ ಹೊಂದಿಸಲು ಸ್ಲೀವ್ (ಗೆರೆಗಳಿರುವ ಕೊಳವೆ) ತಿರುಗಿಸುವ ಮೊದಲು ಅದರ ಬಾಯಿಗೆ ಬಿಳಿ ಕಾಗದ ಕಚ್ಚಿಸಿ ಮೆಲ್ಲಗೆ ಎಳೆದೆ, ಕೊಳೆಯ ಕಪ್ಪು ಗೀಟು ಬಂತು. ಮೂರನೇ ಸಲ ಕಾಗದ ಬಿಳಿಯಾಗೇ ಬಂತು, ಸೊನ್ನೆಯೂ ಕೂತಿತು. ಎತ್ತಿಡುವಾಗ ಬಾಯಿ ಕಚ್ಚಿಸಿ ಇಡಬೇಡಿ, ಕೂದಲಷ್ಟು ಸಂದು ಇರಲಿ. ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್ ಲೆಕ್ಕದವು. ಲೇತಿನಿಂದ ಆಗಷ್ಟೇ ಇಳಿದ 50 ಎಂಎಂ ಶಾಫ್ಟು ಮೈಕ್ರೋಮೀಟರಿಗಿಂತ 40 ಡಿಗ್ರಿ ಬಿಸಿಯಿದ್ದರೆ 0.02 ಎಂಎಂಗಿಂತ ಸ್ವಲ್ಪ ಜಾಸ್ತಿಯೇ ದಪ್ಪ ತೋರಿಸುತ್ತದೆ. ಆ ಅಳತೆ ನಂಬಿ ಕಡೆದರೆ ಶಾಫ್ಟು ತಣ್ಣಗಾದ ಮೇಲೆ ಬೇರಿಂಗ್ ಲೂಸು.

ದಿನದ ಆರೈಕೆ ಇಷ್ಟೇ: ಸಂಜೆ ಎಣ್ಣೆ ಮುಟ್ಟಿಸಿದ ಬನಿಯನ್ ವೇಸ್ಟಿನಲ್ಲಿ ಒರೆಸುವುದು, ಪೆಟ್ಟಿಗೆಯಲ್ಲಿ ಶೂ ಡಬ್ಬಿಯ ತೇವ ಹೀರುವ ಸಿಲಿಕಾ ಪೊಟ್ಟಣ. ನಮ್ಮ ಹುಡುಗನ ಕೈಬೆವರು ಉಪ್ಪು ಜಾಸ್ತಿ, ಅವನು ಮುಟ್ಟಿದಲ್ಲಿ ಬೆಳಿಗ್ಗೆ ಬೆರಳಿನ ಗುರುತೇ ತುಕ್ಕಾಗಿರುತ್ತದೆ.

ಆ ಸ್ಕೇಲಿನ ಸೊನ್ನೆಯ ತುದಿ ಅರ್ಧ ನೂಲಿನಷ್ಟು (ಇಂಚಿನ ಹದಿನಾರನೇ ಒಂದು ಭಾಗ) ಸವೆದಿದೆ. ಅದನ್ನು ಉಜ್ಜಿ ನೇರ ಮಾಡಲು ಹೋಗಿಲ್ಲ, ಒಂದನೇ ಇಂಚಿನಿಂದ ಹಿಡಿದು ಅಳೆಯುತ್ತೇವೆ. ಹೋದ ತಿಂಗಳು ಮಂಡಕ್ಕಿ ಭಟ್ಟಿಯವರಿಗೆ ಒಂಬತ್ತು ಇಂಚಿನ ಪಿನ್ನು ಬೇಕಿತ್ತು. ಹುಡುಗ ಒಂದರಿಂದ ಹಿಡಿದು ಒಂಬತ್ತಕ್ಕೇ ಗೀಟು ಹಾಕಿ ಕತ್ತರಿಸಿದ್ದ. ಎಂಟಿಂಚಿನ ಆ ಪಿನ್ನು ಈಗ ಅಂಗಡಿಯಲ್ಲಿ ಬಿಲ್ಲುಗಳು ಹಾರದಂತೆ ಅವುಗಳ ಮೇಲೆ ಕೂತಿದೆ.