ಬಂಧಿಸಿದ್ದು ಎಷ್ಟು ಗಂಟೆಗೆ?

2009ರಲ್ಲಿ ವಕೀಲಿಕೆಯ ಸನ್ನದು ಪಡೆದು ನಮ್ಮ ತಾಲ್ಲೂಕಿನ ಕೋರ್ಟಿಗೆ ಬಂದೆ. ನನ್ನ ಸೀನಿಯರ್‌ಗೆ ಒಂದು ಅಭ್ಯಾಸವಿತ್ತು. ಯಾರಾದರೂ ಓಡಿ ಬಂದು "ನಮ್ಮ ಹುಡುಗನ್ನ ಪೊಲೀಸ್ನೋರು ಕರ್ಕೊಂಡು ಹೋದ್ರು ಸಾರ್" ಅಂದರೆ, ಏನು ಕೇಸು ಅಂತ ಕೇಳುತ್ತಿರಲಿಲ್ಲ. "ಎಷ್ಟು ಗಂಟೆಗೆ?" ಅನ್ನುತ್ತಿದ್ದರು. ಉತ್ತರ ಸಿಕ್ಕ ಕೂಡಲೇ ನನ್ನನ್ನು ತಂತಿ (ಟೆಲಿಗ್ರಾಂ) ಕಳಿಸೋಕೆ ಓಡಿಸುತ್ತಿದ್ದರು. ಎಸ್‌ಪಿಗೆ ಒಂದು, ಮ್ಯಾಜಿಸ್ಟ್ರೇಟರಿಗೆ ಒಂದು. ಇಂಥವನನ್ನು ಇಷ್ಟು ಗಂಟೆಗೆ ಇಂಥ ಜಾಗದಿಂದ ಕರೆದೊಯ್ದಿದ್ದಾರೆ, ಅಷ್ಟೇ ಒಕ್ಕಣೆ. ತಂತಿ ಓದಿ ಯಾರೋ ಓಡಿ ಬಂದು ಬಿಡಿಸುತ್ತಾರೆ ಅನ್ನೋ ನಂಬಿಕೆ ಅವರಿಗೇನೂ ಇರಲಿಲ್ಲ. ಅವರಿಗೆ ಬೇಕಿದ್ದದ್ದು ತಂತಿ ಕಚೇರಿಯವರು ಕೊಡುತ್ತಿದ್ದ ರಸೀದಿ. ಅದರ ಮೇಲೆ ಹೊತ್ತು ಇರುತ್ತಿತ್ತು.

ಆಗ ನನಗೆ ಇದು ಮುದುಕರ ಗೀಳು ಅನಿಸಿತ್ತು.

2013ರ ಜುಲೈನಲ್ಲಿ ತಂತಿ ಸೇವೆಯೇ ನಿಂತುಹೋಯಿತು. ಮುಂದಿನ ವರ್ಷ ನಾನು ಪೆಟ್ಟು ತಿಂದೆ. ಒಬ್ಬ ಲಾರಿ ಕ್ಲೀನರ್‌ನನ್ನು ಶುಕ್ರವಾರ ರಾತ್ರಿ ಠಾಣೆಗೆ ಕರೆದೊಯ್ದಿದ್ದರು. ನಾನು ಹೋಗಿ ವಿಚಾರಿಸಿದೆ. "ಸುಮ್ನೆ ವಿಚಾರಣೆಗೆ ಕರ್ಸಿದೀವಿ ವಕೀಲ್ರೇ, ಬೆಳಿಗ್ಗೆ ಕಳಿಸ್ತೀವಿ" ಅಂದರು. ಒಳ್ಳೆಯ ಮಾತಾಡಿದರು, ಟೀ ಕೊಟ್ಟರು. ನಾನು ನಂಬಿ ಮನೆಗೆ ಬಂದು ಮಲಗಿದೆ. ಸೋಮವಾರ ಅವನನ್ನು ಕೋರ್ಟಿಗೆ ತಂದಾಗ ಬಂಧನದ ಮೆಮೊದಲ್ಲಿ ಭಾನುವಾರ ಸಂಜೆ 5 ಗಂಟೆ ಅಂತಿತ್ತು. ಎರಡು ರಾತ್ರಿ ಕಾಗದದಿಂದ ಮಾಯ. ನಾನು ಎದ್ದು ನಿಂತು ಕೂಗಾಡಿದೆ. "ದಾಖಲೆ ಏನಿದೆ?" ಅಂತ ಮ್ಯಾಜಿಸ್ಟ್ರೇಟರು ಕೇಳಿದರು. ಏನೂ ಇರಲಿಲ್ಲ. ಅವತ್ತು ಸಂಜೆ ಸೀನಿಯರ್ ಬೈಯಲೂ ಇಲ್ಲ. ಫೈಲು ಮಡಿಸಿ ಎದ್ದು ಹೋದರು.

ಕಾನೂನು ಏನು ಹೇಳುತ್ತೆ ಅನ್ನೋದರಲ್ಲಿ ಗೊಂದಲವಿಲ್ಲ. ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಬಂಧಿತರಿಗೆ ಬಂಧನದ ಆಧಾರ, ಅಂದರೆ ಕಾರಣ, ತಿಳಿಸಬೇಕು, ಅವರಿಗಿಷ್ಟವಾದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಹಳೇ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 57ನೇ ಕಲಂ ಈ 24 ಗಂಟೆಯ ಮಾತನ್ನೇ ಹೇಳುತ್ತಿತ್ತು, ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನ 58ನೇ ಕಲಂ ಕೂಡ ಅದನ್ನೇ ಹೇಳುತ್ತದೆ. (ಗೂಂಡಾ ಕಾಯ್ದೆಯಂಥ ಮುನ್ನೆಚ್ಚರಿಕೆ ಬಂಧನದ ಲೆಕ್ಕ ಬೇರೆ. ಅದಕ್ಕೆ ಈ 24 ಗಂಟೆ ಅನ್ವಯಿಸಲ್ಲ. ಅದನ್ನು ಇಲ್ಲಿ ಎಳೆಯಲ್ಲ.) ಬಂಧನದ ಮೆಮೊ ಇರಬೇಕು, ಅದರಲ್ಲಿ ದಿನಾಂಕ, ಹೊತ್ತು ಬರೆದಿರಬೇಕು, ಮನೆಯವರು ಇಲ್ಲವೇ ಊರಿನ ಒಬ್ಬರು ಸಾಕ್ಷಿ ಹಾಕಬೇಕು ಅಂತ 1996ರ ಡಿಸೆಂಬರಿನಲ್ಲೇ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಲ್ಲಾ ಸರಿ. ಆದರೆ ಗಡಿಯಾರ ಶುರು ಮಾಡುವ ಪೆನ್ನು ಠಾಣೆಯ ರೈಟರ್ ಕೈಯಲ್ಲೇ ಇದೆ, ಅಲ್ವಾ?

ಹಾಗಾಗಿ ಲಾರಿ ಕ್ಲೀನರ್ ಕೇಸಿನ ನಂತರ ನಾನು ಒಂದೇ ಕೆಲಸ ಕಲಿತೆ. ನನ್ನದೇ ಗಡಿಯಾರ ಶುರು ಮಾಡುವುದು.

2025ರ ಬೇಸಿಗೆಯ ಒಂದು ಕೇಸು ಹೇಳುತ್ತೇನೆ. ನಮ್ಮ ಕಡೆ ಬೇಸಿಗೆ ಬಂತೆಂದರೆ ಬೋರ್‌ವೆಲ್ ಮೋಟರಿನ ಕೇಬಲ್ ಕಳುವು ಜಾಸ್ತಿ. ಒಳಗಿನ ತಾಮ್ರಕ್ಕೆ ಗುಜರಿಯಲ್ಲಿ ಒಳ್ಳೆ ಬೆಲೆ. ತೋಟ ಒಣಗುತ್ತಿರುವ ರೈತನಿಗೆ ಅದು ಸಣ್ಣ ಕಳ್ಳತನ ಅಲ್ಲ, ಠಾಣೆ ಮುಂದೆ ನಿಂತು ಜೋರು ಮಾಡುತ್ತಾನೆ. ಪೊಲೀಸರ ಮೇಲೂ ಒತ್ತಡ ಇರುತ್ತೆ, ಅದನ್ನು ನಾನು ಒಪ್ಪುತ್ತೇನೆ. ಸೋಮವಾರ ರಾತ್ರಿ 9 ಗಂಟೆಗೆ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. "ಸಾರ್, ನನ್ನ ತಮ್ಮನ್ನ ಬಸ್‌ಸ್ಟ್ಯಾಂಡಿಂದ ಜೀಪಲ್ಲಿ ಕರ್ಕೊಂಡು ಹೋಗಿದಾರೆ." ಎಷ್ಟು ಗಂಟೆಗೆ? "ಏಳಕ್ಕೆ ಸಾರ್."

ತಂತಿ ಕದ್ದ ಕೇಸು. ತಂತಿ ಕಳಿಸೋಣ ಅಂದರೆ ಆಫೀಸಿಲ್ಲ.

ಅವಳಿಗೆ 112ಕ್ಕೆ ಕರೆ ಮಾಡಿ ತಮ್ಮನ ಹೆಸರು, ಜಾಗ, ಹೊತ್ತು ಹೇಳು ಅಂದೆ. ಜಗಳ ಬೇಡ, ಅಳೋದು ಬೇಡ, ಮೂರೇ ಮಾತು. ಅವಳ ಫೋನಿನಲ್ಲಿ ಕರೆಯ ಹೊತ್ತು ಉಳಿಯುತ್ತೆ. ನಾನು ಠಾಣೆಗೆ ಹೋದೆ. ಹುಡುಗ ಬೆಂಚಿನ ಮೇಲೆ ಕೂತಿದ್ದ. ಉತ್ತರ ಹಳೆಯದೇ, ಸುಮ್ನೆ ವಿಚಾರಣೆಗೆ. ನಾನು ವಾದ ಮಾಡಲಿಲ್ಲ. ಠಾಣೆಯೊಳಗೆ ವಕೀಲ ದನಿ ಏರಿಸಿದರೆ ಅದರ ಬಡ್ಡಿ ಕಟ್ಟೋದು ಬೆಂಚಿನ ಮೇಲೆ ಕೂತವನು. "ಕಳವಿಗೆ ಮೂರು ವರ್ಷದವರೆಗೆ ಶಿಕ್ಷೆ ಸಾರ್, 35(3) ನೋಟಿಸ್ ಕೊಟ್ಟು ಕಳಿಸಿ, ನಾಳೆ ನಾನೇ ಕರ್ಕೊಂಡು ಬರ್ತೀನಿ" ಅಂದೆ ಅಷ್ಟೇ. 35(3) ಅಂದರೆ ಬಂಧಿಸದೆ, ವಿಚಾರಣೆಗೆ ಬಾ ಅಂತ ಕೊಡುವ ಬಿಎನ್‌ಎಸ್‌ಎಸ್‌ ನೋಟಿಸ್. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೆ ಬಂಧಿಸಲೇಬೇಕು ಅಂತಿಲ್ಲ, ಬಂಧಿಸಿದರೆ ಯಾಕೆ ಅಂತ ಬರೆಯಬೇಕು. 2014ರ ಅರ್ನೇಶ್ ಕುಮಾರ್ ತೀರ್ಪು ಅದು. "ನೋಡೋಣ" ಅಂದರು.

ಹೊರಗೆ ಬಂದು ಎದುರಿನ ಹೋಟೆಲಿನಲ್ಲಿ ಟೀ ಕುಡಿದು ಫೋನ್‌ಪೇ ಮಾಡಿದೆ. ನಾನು ಆ ಹೊತ್ತಿಗೆ ಅಲ್ಲಿದ್ದೆ ಅನ್ನೋದಕ್ಕೆ ಹತ್ತು ರೂಪಾಯಿಯ ರಸೀದಿ. ಅಲ್ಲೇ ಕೂತು ಎಸ್‌ಪಿ ಕಚೇರಿಗೆ ಈಮೇಲ್ ಬರೆದೆ, ಡಿವೈಎಸ್‌ಪಿಗೂ ಒಂದು ಪ್ರತಿ. ನಾಲ್ಕು ಸಾಲು. ಯಾರನ್ನೂ ದೂರಲಿಲ್ಲ. ಸಂಜೆ 7ಕ್ಕೆ ಬಸ್‌ಸ್ಟ್ಯಾಂಡಿನಿಂದ ಕರೆತಂದಿದ್ದಾರೆ, ಈಗ 10.10, ನಾನು ಅವನನ್ನು ಠಾಣೆಯಲ್ಲಿ ಕಣ್ಣಾರೆ ನೋಡಿದ್ದೇನೆ, ಠಾಣೆಯ ಸಿಸಿಟಿವಿ ದೃಶ್ಯ ಕಾಯ್ದಿಡಬೇಕು. ಈ ಕೊನೆಯ ಸಾಲು ಮರೆಯಬಾರದು. 2020ರ ಪರಮವೀರ್ ಸಿಂಗ್ ಸೈನಿ ತೀರ್ಪಿನ ಪ್ರಕಾರ ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯ 18 ತಿಂಗಳು, ಆ ಸೌಲಭ್ಯ ಇಲ್ಲದಿದ್ದರೆ ಕನಿಷ್ಠ ಒಂದು ವರ್ಷ ಉಳಿಯಬೇಕು. ನಂತರ ಕೇಳಿದಾಗ ಹಾರ್ಡ್ ಡಿಸ್ಕ್ ಕೆಟ್ಟಿದೆ ಅನ್ನೋ ಉತ್ತರ ಬರುವುದುಂಟು. ಮೊದಲ ರಾತ್ರಿಯೇ ಕೇಳಿಟ್ಟರೆ ಆ ಉತ್ತರ ಕೊಡೋಕೆ ಸ್ವಲ್ಪ ಕಷ್ಟವಾಗುತ್ತೆ.

ಮಂಗಳವಾರ ಬೆಳಿಗ್ಗೆಯೂ ಬಿಡಲಿಲ್ಲ. 11.30ಕ್ಕೆ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ ಬಿಎನ್‌ಎಸ್‌ಎಸ್‌ನ 100ನೇ ಕಲಂ ಅಡಿ ಅರ್ಜಿ ಹಾಕಿದೆ. ಅಕ್ರಮವಾಗಿ ಕೂಡಿಟ್ಟವರನ್ನು ಹುಡುಕಿ ತರಲು ಮ್ಯಾಜಿಸ್ಟ್ರೇಟ್ ವಾರಂಟ್ ಕೊಡಬಹುದಾದ ಕಲಂ ಇದು, ಹಳೇ ಸಿಆರ್‌ಪಿಸಿಯಲ್ಲಿ 97. ಹೇಬಿಯಸ್ ಕಾರ್ಪಸ್ (ಕೂಡಿಟ್ಟವರನ್ನು ಕೋರ್ಟಿನ ಮುಂದೆ ತರಿಸಿ ಅನ್ನುವ ಅರ್ಜಿ) ಅಂತ ಹೈಕೋರ್ಟಿಗೆ ಓಡುವ ಮೊದಲು ತಾಲ್ಲೂಕಿನಲ್ಲೇ ಸಿಗುವ ಈ ಬಾಗಿಲನ್ನು ನಮ್ಮ ವಕೀಲರು ತಟ್ಟುವುದು ಕಡಿಮೆ. ಮ್ಯಾಜಿಸ್ಟ್ರೇಟರು ವಾರಂಟ್ ಕೊಡಲಿಲ್ಲ, ಠಾಣೆಯಿಂದ ವರದಿ ಕೇಳಿದರು. ಅಷ್ಟಾದರೂ ಸಾಕಿತ್ತು. ಅವತ್ತೇ ಸಂಜೆ 6ಕ್ಕೆ ಬಂಧನ ಅಂತ ಮೆಮೊ ಹುಟ್ಟಿತು. ಅರ್ಜಿ ಇಲ್ಲದಿದ್ದರೆ ಆ ಮೆಮೊ ಯಾವ ವಾರ ಹುಟ್ಟುತ್ತಿತ್ತೋ.

ಬುಧವಾರ ಬೆಳಿಗ್ಗೆ 11ಕ್ಕೆ ಹುಡುಗನನ್ನು ಹಾಜರುಪಡಿಸಿದರು. ಪೊಲೀಸ್ ಕಸ್ಟಡಿಗೆ ಕೊಡಿ ಅಂತ ರಿಮ್ಯಾಂಡ್ ಅರ್ಜಿ ಬೇರೆ. ಅದರಲ್ಲಿ ಬರೆದದ್ದು: ಬಸ್‌ಸ್ಟ್ಯಾಂಡ್ ಬಳಿ ಅನುಮಾನಾಸ್ಪದವಾಗಿ ಓಡಾಡುತ್ತಿದ್ದ, ಸಮವಸ್ತ್ರ ಕಂಡು ಓಡಲು ನೋಡಿದ. ನಾನು ಓದಿರುವ ರಿಮ್ಯಾಂಡ್ ಅರ್ಜಿಗಳಲ್ಲಿ ಈ ಸಾಲನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕಾಗದದ ಪ್ರಕಾರ 17 ಗಂಟೆ. ನನ್ನ ಗಡಿಯಾರದಲ್ಲಿ 40.

ಈಮೇಲ್ ಪ್ರತಿ, 112ರ ಕರೆಯ ಸ್ಕ್ರೀನ್‌ಶಾಟ್, ಟೀ ಬಿಲ್ಲು ಎಲ್ಲ ನನ್ನ ಮನವಿ ಜೊತೆ ಕೋರ್ಟಿಗೆ ಸಲ್ಲಿಸಿದೆ. ಆ ವರ್ಷದ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಸುಭಾಷ್ ಶರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಅದು ಇ.ಡಿ. ಕೇಸು. ವಶಕ್ಕೆ ಪಡೆದದ್ದು ಬೆಳಿಗ್ಗೆ, ಬಂಧನದ ಕಾಗದ ಬರೆದದ್ದು ರಾತ್ರಿ 12 ದಾಟಿದ ಮೇಲೆ. ವಶಕ್ಕೆ ಪಡೆದ ಹೊತ್ತಿನಿಂದಲೇ ಲೆಕ್ಕ ಹಾಕಿ, 24 ಗಂಟೆ ಮೀರಿದೆ, ಬಂಧನ ಅಕ್ರಮ ಅಂದರು. ಅದನ್ನು ಓದಿದೆ. ಸರ್ಕಾರಿ ವಕೀಲರು (ಎಪಿಪಿ) ಎದ್ದು, ವಿಚಾರಣೆಗೆ ಕರೆದದ್ದು ಬಂಧನವಲ್ಲ ಅಂದರು. ನಾನು ಒಂದೇ ಕೋರಿಕೆ ಇಟ್ಟೆ. ಹುಡುಗನನ್ನೇ ಕೇಳಿ.

"ಯಾವಾಗ ಕರ್ಕೊಂಡು ಬಂದ್ರಪ್ಪ?"

ಅವನು ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಮುಖ ನೋಡಿದ. "ಗೊತ್ತಿಲ್ಲ ಸಾರ್."

ನನ್ನ ಎದೆ ಧಸಕ್ಕೆಂದಿತು. ಮ್ಯಾಜಿಸ್ಟ್ರೇಟರು ಪೊಲೀಸರನ್ನು ಬಾಗಿಲ ಹೊರಗೆ ನಿಲ್ಲಲು ಹೇಳಿದರು. ಆಮೇಲೆ ಮೆತ್ತಗೆ ಕೇಳಿದರು. "ಸೋಮವಾರ ರಾತ್ರಿ ಎಲ್ಲಿ ಊಟ ಮಾಡ್ದೆ?"

"ಸ್ಟೇಷನ್ನಲ್ಲೇ ಸಾರ್. ಚಿತ್ರಾನ್ನ ಕೊಟ್ರು."

"ಮಂಗಳವಾರ ಮಧ್ಯಾಹ್ನ?"

"ಅವತ್ತೂ ಚಿತ್ರಾನ್ನ."

ಅವರು ಅದನ್ನು ಹಾಗೇ ಬರೆಸಿಕೊಂಡರು. ಕಸ್ಟಡಿ ಅರ್ಜಿ ವಜಾ, ವೈಯಕ್ತಿಕ ಬಾಂಡ್ ಮೇಲೆ ಅವತ್ತೇ ಜಾಮೀನು. ಹುಡುಗ ಕೇಬಲ್ ಕದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ವಿಚಾರಣೆ ಇನ್ನೂ ಬಾಕಿ ಇದೆ.

ಈಗ ಇನ್ನೊಂದು ಕಾಗದವನ್ನೂ ಕೇಳುತ್ತೇನೆ. 2025ರ ನವೆಂಬರಿನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನೆಂದರೆ, ಯಾವುದೇ ಅಪರಾಧವಿರಲಿ ಬಂಧನದ ಆಧಾರವನ್ನು ಬರಹದಲ್ಲಿ, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಆಗಲೇ ಬರೆದುಕೊಡಲು ಆಗದಿದ್ದರೂ ರಿಮ್ಯಾಂಡಿಗೆ ಕನಿಷ್ಠ ಎರಡು ಗಂಟೆ ಮೊದಲು. ಬಿಹಾರದಿಂದ ಕೂಲಿಗೆ ಬಂದ ಹುಡುಗನ ಕೈಯಲ್ಲಿ ಕನ್ನಡದ ಕಾಗದ ಇಟ್ಟು ಸಹಿ ಹಾಕಿಸಿದ್ದನ್ನು ನೋಡಿದ್ದೇನೆ. ಕನ್ನಡದಲ್ಲೇ ಇರಬೇಕು ಅಂತ ಬೇರೆ ಕಡೆ ಜಗಳ ಮಾಡುವವನು ನಾನು. ಅವತ್ತು ಹಿಂದಿಯಲ್ಲಿ ಕೊಡಿ ಅಂತ ಅರ್ಜಿ ಹಾಕಬೇಕಾಯಿತು.

ಕೇಬಲ್ ಕೇಸು ಮುಗಿಸಿ ಹೊರಬಂದಾಗ ಆ ಹೆಡ್ ಕಾನ್‌ಸ್ಟೇಬಲ್ ಕ್ಯಾಂಟೀನ್ ಹತ್ತಿರ ಸಿಕ್ಕರು. ಮುನಿಸಿರಲಿಲ್ಲ, ಬೇಜಾರಿತ್ತು. "ಊಟ ಕೊಟ್ಟಿದ್ದೇ ತಪ್ಪಾಯ್ತಲ್ಲ ವಕೀಲ್ರೇ. ನನ್ನ ಜೇಬಿಂದ ತರ್ಸಿದ್ದು" ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಟೀ ಹೇಳಿದೆ. ದುಡ್ಡು ಅವರೇ ಕೊಟ್ಟರು, ಚಿಲ್ಲರೆಯಲ್ಲಿ.