ಚಿಕ್ಕ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್: ಚಿಕಿತ್ಸೆಯ ಖರ್ಚಿಗೆ ಸಿದ್ಧರಾಗುವ ಬಗೆ

ನಲವತ್ತು ದಾಟದವರಿಗೆ ಸ್ತನ ಕ್ಯಾನ್ಸರ್ ಬಂದಾಗ ಉಳಿತಾಯ ಇನ್ನೂ ಕೂಡಿಬಂದಿರುವುದಿಲ್ಲ, ಸಾಲದ ಕಂತುಗಳು ನಡೆಯುತ್ತಿರುತ್ತವೆ. ಜೊತೆಗೆ ಹಾರ್ಮೋನ್ ಚಿಕಿತ್ಸೆಗೆ ಸ್ಪಂದಿಸದ ಟ್ರಿಪಲ್ ನೆಗೆಟಿವ್‌ನಂತಹ ತೀವ್ರ ಬಗೆಯ ಗಡ್ಡೆಗಳು ಈ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣಿಸುವುದರಿಂದ ಚಿಕಿತ್ಸೆಯೂ ಅನೇಕ ಸಲ ದೀರ್ಘವಾಗಿರುತ್ತದೆ. ಶಸ್ತ್ರಚಿಕಿತ್ಸೆಗೆ ಹಣ ಹೊಂದಿಸಿದರೆ ಸಾಕೆಂಬ ಲೆಕ್ಕಾಚಾರ ಎಡವುವುದು ಇಲ್ಲಿಯೇ.

ಆದ್ದರಿಂದ ಮೊತ್ತವನ್ನು ಕೇಳುವ ಮೊದಲು ಚಿಕಿತ್ಸೆಯ ಪೂರ್ತಿ ವೇಳಾಪಟ್ಟಿಯನ್ನು ವೈದ್ಯರಿಂದ ಬರೆಸಿಕೊಳ್ಳಿ. ಗಡ್ಡೆ ಹರ್‌-2 ಪಾಸಿಟಿವ್ (ಹರ್‌-2 ಎಂಬ ಪ್ರೋಟೀನ್ ಹೆಚ್ಚಾಗಿರುವ ಬಗೆ) ಆಗಿದ್ದರೆ ಆ ಪ್ರೋಟೀನನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಚುಚ್ಚುಮದ್ದು ಸಾಮಾನ್ಯವಾಗಿ ಒಂದು ವರ್ಷ ನಡೆಯುತ್ತದೆ. ಹಾರ್ಮೋನಿಗೆ ಸ್ಪಂದಿಸುವ ಬಗೆಯಾದರೆ ಮಾತ್ರೆಗಳು 5ರಿಂದ 10 ವರ್ಷ ಬೇಕಾಗುತ್ತವೆ. ಇಂತಹ ಮಾತ್ರೆಗಳಲ್ಲಿ ಒಂದಾದ ಟಮಾಕ್ಸಿಫೆನ್ ಅಗ್ಗದ ಔಷಧ, ನಿಜ. ಆದರೆ ಮುಟ್ಟು ನಿಲ್ಲದ ವಯಸ್ಸಿನವರಿಗೆ ಅಂಡಾಶಯದ ಕೆಲಸವನ್ನು ತಡೆಯುವ ಚುಚ್ಚುಮದ್ದನ್ನೂ ಸೇರಿಸಿದರೆ ಲೆಕ್ಕವೇ ಬೇರೆಯಾಗುತ್ತದೆ.

ಮುಂದೆ ಮಕ್ಕಳು ಬೇಕೆನ್ನುವವರು ಅದನ್ನು ಕೀಮೋ ಆರಂಭವಾಗುವ ಮೊದಲೇ ಹೇಳಬೇಕು, ಏಕೆಂದರೆ ಕೀಮೋ ಅಂಡಾಶಯಕ್ಕೆ ಹಾನಿ ಮಾಡಬಲ್ಲದು ಮತ್ತು ಅಂಡಾಣುಗಳನ್ನು ತೆಗೆದು ಶೈತ್ಯೀಕರಿಸಲು ಸುಮಾರು ಎರಡು ವಾರ ಹಿಡಿಯುತ್ತದೆ. ಇದಕ್ಕೆ ಒಮ್ಮೆಯ ಖರ್ಚಿನ ಜೊತೆಗೆ ಸಂಗ್ರಹಣೆಯ ಶುಲ್ಕವೂ ಇರುತ್ತದೆ, ಮತ್ತು ಅನೇಕ ವಿಮೆಗಳು ಇದನ್ನು ಒಳಗೊಳ್ಳುವುದಿಲ್ಲ. ರೋಗ ತಿಳಿದ ವಾರದಲ್ಲೇ ಇಂತಹ ತೀರ್ಮಾನಕ್ಕೆ ಒತ್ತಾಯಿಸುವುದು ಕ್ರೂರವೆನಿಸಿದರೂ ಮುಂದೂಡಿದರೆ ಅವಕಾಶ ಕೈತಪ್ಪಬಹುದು. ವಿಮಾ ಸಂಸ್ಥೆಯಿಂದ ಈ ಕುರಿತು, ಹಾಗೆಯೇ ಬಿಆರ್‌ಸಿಎ ವಂಶವಾಹಿ ಪರೀಕ್ಷೆ (ಕ್ಯಾನ್ಸರ್ ಅಪಾಯ ಹೆಚ್ಚಿಸುವ ವಂಶವಾಹಿ ದೋಷವಿದೆಯೇ ಎಂದು ನೋಡುವುದು), ಸ್ತನದ ಪುನರ್ರಚನೆ ಮತ್ತು ಮನೆಯಲ್ಲಿ ಸೇವಿಸುವ ಮಾತ್ರೆಗಳ ಕುರಿತು ಲಿಖಿತ ಉತ್ತರವನ್ನೇ ಪಡೆಯಿರಿ. ದೂರವಾಣಿಯಲ್ಲಿ ಸಿಕ್ಕ ಭರವಸೆಯನ್ನು ನೆಚ್ಚಬೇಡಿ.

ಖರ್ಚು ತಗ್ಗಿಸುವ ಪ್ರಶ್ನೆಗಳನ್ನು ಕೇಳಲು ಸಂಕೋಚ ಬೇಡ. ಟ್ರಾಸ್ಟುಜುಮ್ಯಾಬ್‌ಗೆ ಬಯೋಸಿಮಿಲರ್‌ಗಳು, ಅಂದರೆ ಮೂಲ ಔಷಧದಂತೆಯೇ ಕೆಲಸ ಮಾಡುವ, ಸಾಮಾನ್ಯವಾಗಿ ಅಗ್ಗದ ಪರ್ಯಾಯಗಳು ಲಭ್ಯವಿವೆ. ಐದು ವಾರ ಕೊಡುತ್ತಿದ್ದ ರೇಡಿಯೇಷನ್ ಅನ್ನು ಅನೇಕರಿಗೆ ಮೂರು ವಾರಗಳಲ್ಲಿ ಮುಗಿಸಬಹುದು. ಇದರಿಂದ ಪ್ರಯಾಣದ ಖರ್ಚು ಮಾತ್ರವಲ್ಲ, ರೋಗಿ ಮತ್ತು ಜೊತೆಗೆ ಬರುವವರು ಇಬ್ಬರೂ ಕಳೆದುಕೊಳ್ಳುವ ದುಡಿಮೆಯ ದಿನಗಳೂ ಕಡಿಮೆಯಾಗುತ್ತವೆ. ಈ ನಷ್ಟ ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಪ್ರತ್ಯೇಕ ಪುಟ ತೆರೆಯಿರಿ. ಕೆಲಸದಲ್ಲಿರುವವರು ರಾಜೀನಾಮೆಯ ಯೋಚನೆಗೆ ಮುನ್ನ ವೇತನಸಹಿತ ರಜೆಯ ನಿಯಮಗಳನ್ನು ವಿಚಾರಿಸಬೇಕು, ಏಕೆಂದರೆ ಕೆಲಸದೊಂದಿಗೆ ವಿಮೆಯೂ ಹೋಗಬಹುದು.

ಕಂತು ಕಟ್ಟುವುದು ಕಷ್ಟವಾಗುವುದೆಂದು ಕಂಡರೆ ಬಾಕಿ ಬೆಳೆಯುವ ಮುನ್ನವೇ ಬ್ಯಾಂಕಿಗೆ ತಿಳಿಸಿ. ದುಡ್ಡಿಲ್ಲವೆಂದು ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವ ಬದಲು ಆಸ್ಪತ್ರೆಯ ಸಮಾಜಕಾರ್ಯ ವಿಭಾಗದಲ್ಲಿ ನೆರವು ಕೇಳಿ, ಬದಲಿ ಔಷಧವಿದೆಯೇ ಎಂದು ವೈದ್ಯರನ್ನು ವಿಚಾರಿಸಿ.