ರಾಸ್‌ಬೆರಿ ಎಂಬ ಗೇಲಿ: ಪದಬಂಧದ ಸುಳಿವು ಬಿಡಿಸುವುದು, ಕಟ್ಟುವುದು

ಇಂಗ್ಲಿಷಿನ ಕ್ರಿಪ್ಟಿಕ್ ಪದಬಂಧದಲ್ಲಿ, ಅಂದರೆ ಸುಳಿವಿನಲ್ಲಿ ನೇರ ಅರ್ಥದ ಜೊತೆ ಪದದಾಟವೂ ಅಡಗಿರುವ ಪದಬಂಧದಲ್ಲಿ, ಹಣ್ಣಿನ ಸುಳಿವು ಬಂದರೆ, ಅದೇ ಸಾಲಿನಲ್ಲಿ ತಿರಸ್ಕಾರದ ಮಾತೇನಾದರೂ ಅಡಗಿದೆಯೇ ಎಂದು ನಾನು ಮೊದಲು ಹುಡುಕುತ್ತೇನೆ. ಇದ್ದು, ಅಕ್ಷರ ತುಂಬುವ ಮನೆಗಳು 9 ಆದರೆ ಉತ್ತರ ಬಹುಮಟ್ಟಿಗೆ RASPBERRY, ಅಂದರೆ ರಾಸ್‌ಬೆರಿ. ನಾಲಿಗೆ ಚಾಚಿ ತುಟಿಯಿಂದ ಪುರ್ರೆಂದು ಊದಿ ಗೇಲಿ ಮಾಡುವ ಸದ್ದಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಲಂಡನ್ನಿನ ಕಾಕ್ನಿ ಜನರ, ಒಂದು ಪದದ ಬದಲು ಅದಕ್ಕೆ ಪ್ರಾಸವಾಗುವ ಮಾತು ಹೇಳುವ ಆಡುಮಾತಿನಲ್ಲಿ ‘ರಾಸ್‌ಬೆರಿ ಟಾರ್ಟ್’ ಎಂದರೆ ‘ಫಾರ್ಟ್’, ಅಂದರೆ ಹೂಸು. ಬರಬರುತ್ತ ಟಾರ್ಟ್ ಬಿದ್ದುಹೋಗಿ ಹಣ್ಣಷ್ಟೇ ಉಳಿಯಿತು. ಅಮೆರಿಕದಲ್ಲಿ ಇದೇ ಸದ್ದು ಬ್ರಾಂಕ್ಸ್ ಚಿಯರ್. ಹಾಗಾಗಿ ಸುಳಿವಿನಲ್ಲಿ ‘ಚಿಯರ್’ ಕಂಡ ಕೂಡಲೇ ಅದನ್ನು ಜೈಕಾರ ಎಂದು ನಂಬಬಾರದು.

ಈ ಪದಕ್ಕೆ ಸುಳಿವು ಕಟ್ಟುವಾಗ ನಾನು ಅದನ್ನು ಎರಡಾಗಿ ಒಡೆಯುತ್ತೇನೆ. ಮೊದಲರ್ಧ ‘ರಾಸ್ಪ್’ (RASP), ಬಡಗಿಯ ಒರಟು ಅರ. ಉಳಿದದ್ದು ‘ಬೆರಿ’ (BERRY). ಇದಕ್ಕೆ ಹಣ್ಣು ಎಂದೇ ಸುಳಿವು ಕೊಟ್ಟರೆ ಕೆಲಸ ಕೆಟ್ಟಿತು, ಉತ್ತರದ ಅರ್ಧ ಹಾಗೇ ಬಯಲಾಗುತ್ತದೆ. ಹೂಳು ಎನ್ನುವ ‘ಬರಿ’ (BURY) ಉಚ್ಚಾರದಲ್ಲಿ ‘ಬೆರಿ’ಯೇ ಆಗಿರುವುದರಿಂದ ನಾನು ಅದನ್ನು ಆರಿಸುತ್ತೇನೆ. ‘ಕಿವಿಗೆ ಬಿದ್ದಂತೆ’ ಎಂಬ ಸೂಚನೆ ಹೂಳುವ ಮಾತಿಗೇ ಅಂಟಿಕೊಂಡಿರಬೇಕು. ಅರದ ಪಕ್ಕಕ್ಕೆ ಸರಿದರೆ ಬಿಡಿಸುವವರು ತಪ್ಪು ಪದವನ್ನು ಉಚ್ಚರಿಸಿ ನೋಡುತ್ತಾರೆ, ಅದು ಅನ್ಯಾಯ. ಅಮೆರಿಕದ ರಾಕ್ ಗಿಟಾರ್ ವಾದಕ ಚಕ್ ಬೆರಿಯನ್ನು ಕರೆತರುವುದೂ ಒಳ್ಳೆಯ ದಾರಿ.

ಅಕ್ಷರಗಳನ್ನು ಕಲಸುವುದಾದರೆ ‘ಬ್ಯಾರೀಸ್ ರೆಪ್’ (BARRY'S REP) ಸರಿಯಾಗಿ ಹೊಂದುತ್ತದೆ. ಒಂಬತ್ತರಲ್ಲಿ ‘ಆರ್’ ಮೂರು ಸಲ ಬರುವುದರಿಂದ ಜೋಡಣೆಗಳು 60,480. ಬಿಡಿಸುವಾಗ ಕೊನೆಯ ‘ವೈ’ಯನ್ನು ಕೊನೆಯಲ್ಲೇ ನಿಲ್ಲಿಸಿ, ‘ಬೆರಿ’ಯ ಐದು ಅಕ್ಷರ ತೆಗೆದಿಟ್ಟರೆ ಉಳಿಯುವುದು ನಾಲ್ಕೇ.

ಚಿಕ್ಕ ತಿರಸ್ಕಾರಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಲಾಭ: ಬಾ (BAH), ಪಾ (PAH), ಪೂ (POOH), ಫೈ (FIE), ಟಟ್ (TUT), ಬೂ (BOO). ‘ಬಾ’ಗೆ ಮಳೆ (RAIN) ಸೇರಿದರೆ ಬಹ್ರೈನ್, ‘ಫೈ’ಗೆ ತಲೆ ಕಳೆದ ‘ಎಂಡ್’ (END) ಸೇರಿದರೆ ಫೀಂಡ್ (FIEND). ‘ಟಟ್’ ತಿರುಗಿಸಿದರೂ ‘ಟಟ್’, ಅದಕ್ಕೆ ಹಿಮ್ಮುಖದ ಸುಳಿವು ಹೊಂದದು.

ಕನ್ನಡದಲ್ಲಿ ಈ ಆಟಕ್ಕೆ ಹದ ಬೇರೆ. ಇಲ್ಲಿ ಒಂದು ಮನೆಗೆ ಒಂದು ಅಕ್ಷರ, ಒತ್ತಕ್ಷರ ಒಡೆಯುವಂತಿಲ್ಲ. ವಿಭಕ್ತಿ ಪ್ರತ್ಯಯಗಳು ಗುಟ್ಟು ಬಿಟ್ಟುಕೊಡುತ್ತವೆ. ಅದಕ್ಕೇ ನಾಮಪದವೂ ಆಗಿ ಆಜ್ಞೆಯೂ ಆಗುವ ಪದಗಳು ನನಗೆ ಬಲು ಇಷ್ಟ. ಕಂಸದೊಳಗಿನ ಅಂಕಿ ಉತ್ತರದ ಮನೆಗಳ ಲೆಕ್ಕ. ‘ರೈಲು ದಾರಿ ತೆಗಳು (2)’: ಹಳಿ. ‘ಮುಪ್ಪಿಗೆ ಬೈ (2)’: ಜರೆ. ಎರಡರಲ್ಲೂ ಒಂದಕ್ಷರ ಹೆಚ್ಚಿಲ್ಲ. ಬೋರೆ ಹಣ್ಣಿಗೆ ಸಂಸ್ಕೃತದ ಬದರಿ ಇದೆ, ‘ಯಾತ್ರೆಯಲ್ಲಿ ಸಿಕ್ಕ ಬೋರೆ (3)’. ಉತ್ತರ ಕರ್ನಾಟಕದ ಬಾರಿಹಣ್ಣಿಗಾದರೆ ‘ಸರದಿಯ ಹಣ್ಣು (2)’. ಎಲ್ಲಕ್ಕಿಂತ ಸೊಗಸಾಗಿ ಒಡೆಯುವುದು ಛೀಮಾರಿ: ‘ತಿರಸ್ಕಾರದ ನಂತರ ಊರದೇವತೆಯಿಂದ ಬಹಿರಂಗ ನಿಂದನೆ (3)’.

ಕಲಸಾಟ ಮಾತ್ರ ಕನ್ನಡಕ್ಕೆ ಒಗ್ಗುವುದು ಕಡಿಮೆ. ‘ತಿರಸ್ಕಾರ’ಕ್ಕೆ ನಾಲ್ಕು ಮನೆ, ‘ರ’ ಎರಡು ಸಲ, ಜೋಡಣೆ ಬರೀ 12. ಅದನ್ನು ಕಲಸುವ ಬದಲು ತಲೆ ಬದಲಿಸುತ್ತೇನೆ: ‘ಬಹುಮಾನದ ಮೊದಲಕ್ಷರ ಬದಲಾಗಿ ಅವಹೇಳನ (4)’, ಪುರಸ್ಕಾರ ಹೋಗಿ ತಿರಸ್ಕಾರ. ಹೊಸ ಅಕ್ಷರ ಯಾವುದೆಂದು ಸುಳಿವು ಹೇಳುವುದಿಲ್ಲವಾದ್ದರಿಂದ ಮೊದಲ ಮನೆಯನ್ನು ಮೇಲಿನಿಂದ ಕೆಳಕ್ಕೆ ಇಳಿಯುವ ಇನ್ನೊಂದು ಪದ ಹಾಯಲೇಬೇಕು, ಆ ಪದದ ಸುಳಿವು ಸುಲಭವಾಗಿರಬೇಕು.